ಕರಗಿದ ವೈಪರ್ ಸ್ವಿಚ್ಚು

ಪಾರೆ ತೆಬಾನ್, ನನ್ನ ಗೆಳೆಯಾ,

ನಿನ್ನ ಪುಟ್ಟ ಕಾರಿನ ವೈಪರಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟಾಗ, "ಕಿತ್ತೆಸಿ ಮಾರಾಯ, ಡೈರೆಕ್ಟ್ ಸ್ವಿಚ್ ಹಾಕ್ತೀನಿ. ನಿನ್ ಹೆಂಡ್ತಿಗಿಂತ ಚೆನ್ನಾಗಿ ಮಾತು ಕೇಳುತ್ತೆ" ಅಂದಿದ್ದೆ ನಾನು. ನೀನು ಬಿದ್ದು ಬಿದ್ದು ನಕ್ಕಿದ್ದೆ.

ಇವತ್ತು ನಿನ್ನ ಹೆಂಡತಿ ಲುಮಿಂಗ್ ನನ್ನ ಗ್ಯಾರೇಜಿಗೆ ಬಂದಿದ್ದಳು. ಮಳೆಯಲ್ಲಿ ವೈಪರ್ ನಿಂತು ಬಾಗಿಯೋ ಊರಿನ ಘಾಟಿಯಲ್ಲಿ ಉರುಳಿದ ನಿನ್ನ ಕಾರಿನಿಂದ ಪೊಲೀಸರು ಬಿಚ್ಚಿಕೊಟ್ಟ ಸ್ವಿಚ್ಚು ಅವಳ ಕೈಯಲ್ಲಿತ್ತು. ಕರಗಿ ಮುದ್ದೆಯಾಗಿತ್ತು.

"ಕುಯಾ, ಅಣ್ಣಾ, ಇದ್ಯಾಕೆ ಹಿಂಗಾಯ್ತು?"

ನಡುವೆ ಮೋಟಾರಿನ ಕರೆಂಟಿನ ಹೊರೆ ಹೊರುವ ರಿಲೇ ಇದ್ದಿದ್ದರೆ ಸ್ವಿಚ್ಚು ಕಾದು ಕರಗುತ್ತಿರಲಿಲ್ಲ. ನಾನು ಹಾಕಿರಲಿಲ್ಲ.

"ಅಗ್ಗದ ಮಾಲು ಕಣಮ್ಮ" ಅಂದೆ.

"ಅವರೇ ತಂದಿದ್ದಾ?"

"ಹೂಂ. ಬೇಡ ಅಂದ್ರೂ ಕೇಳ್ಲಿಲ್ಲ."

"ಸಾಯೋವರೆಗೂ ಜಿಪುಣನೇ!" ಎಂದು ಸ್ವಿಚ್ಚನ್ನು ನೆಲಕ್ಕೆ ಬಿಸಾಡಿದಳು. ಅಳುತ್ತಾ, ನಿನ್ನನ್ನು ಬೈಯುತ್ತಾ ರಸ್ತೆಗಿಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳನ್ನು ವಾಪಸ್ ಕರೆಯಲಿಲ್ಲ.