ಅಮ್ಮ ಹಾಕಿಕೊಂಡ ಕೆಂಪು ಕೋಟು

ಮಾರ್ಚ್ 3, ಸೋಮವಾರ

ಮತ್ತೆ ಕೋಟಿನ ತೋಳು ಬಿಚ್ಚಿದೆ. ಭುಜದ ಹತ್ತಿರ ಇನ್ನೂ ಎಳೆಯುತ್ತಿದೆ. ಅಮ್ಮನನ್ನು ಕಿಟಕಿಯ ಬಳಿ ಕೂರಿಸಿ, ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು, ಚಾಕ್‌ನಲ್ಲಿ ಗುರುತು ಹಾಕಿದೆ. ಸ್ಟ್ರೋಕ್ ಆದಮೇಲೆ ಅವಳ ಎಡಗೈ ಮೇಲಕ್ಕೆ ಏಳುವುದಿಲ್ಲ. ಅಂಗಡಿಯ ಕೋಟುಗಳೆಲ್ಲ ಎರಡೂ ಕೈ ಎತ್ತಬಲ್ಲವರಿಗೇ ಹೊಲಿದವು. ಇಷ್ಟು ವರ್ಷ ಕತ್ತರಿ ಹಿಡಿದಿದ್ದರೂ ನನಗದು ಹೊಳೆದೇ ಇರಲಿಲ್ಲ.

ನನ್ನದು ಕುತ್ತಿಗೆಯಿಂದ ಮಣಿಕಟ್ಟಿನವರೆಗೂ ತೆರೆದುಕೊಳ್ಳುತ್ತದೆ. ಬಟನ್ ಇಲ್ಲ. ಅಂಚಿನೊಳಗೆ ಸಣ್ಣ ಸಣ್ಣ ಮ್ಯಾಗ್ನೆಟ್. ಬಲಗೈಯಿಂದ ಸವರಿದರೆ ಟಕಟಕ ಮುಚ್ಚಿಕೊಳ್ಳುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಯಾರ ಹಂಗೂ ಬೇಕಿಲ್ಲ.

"ಹೇಗಿದೆ?" ಎಂದೆ.

"ಚೆನ್ನಾಗಿದೆ."

ಅಷ್ಟೇ. ಕನ್ನಡಿ ಕೂಡ ಕೇಳಲಿಲ್ಲ. ಹೋಟೆಲ್ ರಿಸೆಪ್ಷನ್‌ನಲ್ಲೇ ವಯಸ್ಸು ಕಳೆದವಳು, ಲಿಪ್‌ಸ್ಟಿಕ್ ಇಲ್ಲದೆ ಹಾಲು ತರಲೂ ಹೊರಗೆ ಹೋಗದವಳು. ಸುಸ್ತಾಗಿರಬೇಕು.

ಮಾರ್ಚ್ 12, ಬುಧವಾರ

ಇಡೀ ದಿನ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ನಲ್ಲಿ. ಬಣ್ಣ ಹಿಡಿದಿಲ್ಲ, ಜಗಳ ಆಡಿ ಬಂದೆ. ಬುಧವಾರಗಳಲ್ಲಿ ಅಮ್ಮನ ಜೊತೆ ಜಿರಾಫೆ ಇರುತ್ತಾಳೆ. ಅವಳಾಗಿಯೇ ಹೇಳಿದ್ದು — "ನೀನು ಹೋಗೇ, ಆಂಟಿನ ನಾನು ನೋಡ್ಕೋತೀನಿ."

ಕಾಲೇಜಿನಲ್ಲಿ ಉದ್ದ ಕತ್ತಿಗೆ ಬಿದ್ದ ಹೆಸರು ಅವಳಿಗೆ. ಅಂದಿನಿಂದ ಜೊತೆ. ನಮ್ಮ ಬಟ್ಟೆಯ ಲೇಬಲ್ ಇಬ್ಬರದ್ದು. ನಾನು ಕತ್ತರಿಸುತ್ತೇನೆ, ಅವಳು ಮಾತಾಡುತ್ತಾಳೆ. ಅಂಗಡಿಯವರು, ಫೋಟೋ, ಇನ್‌ಸ್ಟಾ ಎಲ್ಲ ಅವಳದೇ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ನನ್ನ ನಾಲಿಗೆ ಒಣಗುತ್ತದೆ.

ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು.

ಮಾರ್ಚ್ 27, ಗುರುವಾರ

ಬೂದು ಕೋಟು ಮುಗಿಯಿತು. ಅಮ್ಮ ತಾನೇ ಹಾಕಿಕೊಂಡಳು, ತಾನೇ ಬಿಚ್ಚಿದಳು! ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಮುಟ್ಟಲಿಲ್ಲ.

ಸ್ಟುಡಿಯೋದಲ್ಲಿ ಜಿರಾಫೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪೇಪರ್ ಪ್ಯಾಟರ್ನ್ ಕೂಡ ತೆಗೆದುಕೊಂಡಳು, ಫೋಟೋ ತೆಗೆದಿಡಲಿಕ್ಕೆ.

"ಈಗಲೇ ಯಾರಿಗೂ ತೋರಿಸೋದು ಬೇಡ ಕಣೇ. ಕಾಲ ಕೆಟ್ಟಿದೆ, ಕದ್ದುಬಿಡ್ತಾರೆ."

ಅವಳಿಗೆ ಇದ್ದಷ್ಟು ಬುದ್ಧಿ ನನಗಿಲ್ಲ ಅಂದುಕೊಂಡೆ.

ಏಪ್ರಿಲ್ 16, ಬುಧವಾರ

ಅಮ್ಮ ಗೆಲುವಾಗಿದ್ದಾಳೆ. ಸಂಜೆ ಬಂದಾಗ ತಲೆಯಿಂದ ಹೇರ್‌ಸ್ಪ್ರೇ ವಾಸನೆ. ತುಟಿಯ ಮೂಲೆಯಲ್ಲಿ ಒರೆಸಿ ಉಳಿದ ಬಣ್ಣ.

"ಜಿರಾಫೆ ಜೊತೆ ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ. ಅವಳೇ ತಲೆ ಬಾಚಿದ್ಳು."

ನಕ್ಕಳು. ಸ್ಟ್ರೋಕ್ ಆದಮೇಲೆ ಒಂದು ಪಕ್ಕಕ್ಕೆ ಜಾರುವ ಆ ನಗು. ನನಗೆ ಖುಷಿ, ಒಂಚೂರು ಹೊಟ್ಟೆಕಿಚ್ಚು. ನಾನು ಬಾಚಿದರೆ ಸಿಕ್ಕು ಎಳೀತೀಯ ಅಂತ ಬೈಯುತ್ತಾಳೆ.

ಮೇ 9, ಶುಕ್ರವಾರ, ಮಧ್ಯಾಹ್ನ

ಮಾಲ್‌ನ ಫುಡ್ ಕೋರ್ಟಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಲೈನಿಂಗ್ ಬಟ್ಟೆ ನೋಡಲು ಬಂದಿದ್ದೆ. ಕೆಳಮಹಡಿಯ ದೊಡ್ಡ ಶೋರೂಮಿನ ಗಾಜಿನಲ್ಲಿ, ನೆಲದಿಂದ ಛಾವಣಿಯವರೆಗೂ — ಅಮ್ಮ. ದಾಳಿಂಬೆ ಕೆಂಪು ಕೋಟು. ಒಂದು ಕೈ ಜೇಬಿನಲ್ಲಿ, ಗದ್ದ ಮೇಲೆತ್ತಿದ್ದಾಳೆ. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು... ಅದೇ ಮೊದಲು ಅನ್ನಿಸಿದ್ದು. ಆಮೇಲೆ ತೋಳು ನೋಡಿದೆ. ನನ್ನ ತೋಳು. ನನ್ನ ಕಟ್. ಕೆಳಗೆ ಜಿರಾಫೆಯ ಪೂರ್ತಿ ಹೆಸರು, ಕಾಲೇಜಿನಲ್ಲಿ ಹಾಜರಿ ಕೂಗುವಾಗ ಇದ್ದ ಹಾಗೆ. ನಮ್ಮ ಲೇಬಲ್ ಎಲ್ಲೂ ಇಲ್ಲ.

ಸೇಲ್ಸ್ ಹುಡುಗಿ ಹೊರಗೆ ಬಂದಳು. "ಇಪ್ಪತ್ನಾಲ್ಕಕ್ಕೆ ಲಾಂಚ್ ಮೇಡಂ. ಡಿಸೈನರ್ರು ತಮ್ಮ ತಾಯಿಗೋಸ್ಕರ ಮಾಡಿದ್ದಂತೆ."

"ಯಾರ ತಾಯಿಗೆ?"

"ಅವರದೇ. ಇವರೇ ನೋಡಿ, ಫೋಟೋದಲ್ಲಿರೋರು. ಇಬ್ಬರ ಮೂಗೂ ಒಂದೇ ಥರ ಇಲ್ವಾ?"

ಆ ಮೂಗು ನನ್ನ ಮುಖದ ಮೇಲಿತ್ತು. ಅವಳು ನೋಡಲಿಲ್ಲ.

ಅದೇ ದಿನ, ಸಂಜೆ

ಸ್ಟುಡಿಯೋಗೆ ಹೋದೆ. ಜಿರಾಫೆ ನನ್ನ ಮುಖ ನೋಡಿಯೇ ಲ್ಯಾಪ್‌ಟಾಪ್ ಮುಚ್ಚಿದಳು.

"ಕೂತ್ಕೋ. ಹೇಳ್ಬೇಕು ಅಂತಾನೇ ಇದ್ದೆ."

"ಯಾವಾಗ? ಲಾಂಚ್ ಆದಮೇಲೆ?"

"ನೀನು ಮಾಡಿದ್ದು ಆಸ್ಪತ್ರೆ ಕೋಟು ಕಣೇ. ಯಾರು ಹಾಕ್ಕೋತಾರೆ ಅದನ್ನ? ನಾನದನ್ನ ಫ್ಯಾಷನ್ ಮಾಡ್ದೆ. ಶೋರೂಮಿನವರಿಗೆ ಒಂದು ಮುಖ ಬೇಕಿತ್ತು, ಒಂದು ಕಥೆ ಬೇಕಿತ್ತು. ನೀನು ಅಲ್ಲಿ ನಿಂತು ಮಾತಾಡ್ತಿದ್ಯಾ?"

"ಮ್ಯಾಗ್ನೆಟ್ ಎಲ್ಲಿ? ಫೋಟೋದಲ್ಲಿ ಹುಕ್ ಕಾಣ್ತಿದೆ."

"ಮ್ಯಾಗ್ನೆಟ್ ಇದ್ರೆ ಅಂಚು ಉಬ್ಬುತ್ತೆ. ಹುಕ್ ಆದ್ರೆ ಗೆರೆ ನೀಟಾಗಿ ಬರುತ್ತೆ."

"ಒಂದು ಕೈಯಲ್ಲಿ ಹುಕ್ ಬಿಚ್ಚೋದು ಹೇಗೆ?"

"ಪಕ್ಕದಲ್ಲಿ ಯಾರಾದ್ರೂ ಇದ್ದೇ ಇರ್ತಾರಲ್ವಾ."

ಪಕ್ಕದಲ್ಲಿ ಯಾರೂ ಬೇಕಾಗಬಾರದು ಅಂತಲೇ ನಾನು ಚಳಿಗಾಲವೆಲ್ಲ ಒದ್ದಾಡಿದ್ದು. ಬಾಯಿಗೆ ಬಂದದ್ದು ಒಂದೇ ಮಾತು.

"ನನ್ನ ಅಮ್ಮನ್ನ ನಿನ್ನ ಅಮ್ಮ ಅಂದ್ಯಲ್ಲೇ."

ಅವಳು ಕಿಟಕಿಯತ್ತ ತಿರುಗಿದಳು. "ಅಮ್ಮನ್ನ ಕೇಳಿಯೇ ಹೇಳಿದ್ದು."

ಮೇ 10, ಶನಿವಾರ

ಬೆಳಿಗ್ಗೆ ಕೇಳಿದೆ. ಅಮ್ಮ ಟೀ ಲೋಟ ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ.

"ಹೌದು. ಕೇಳಿದ್ಳು, ಹೂಂ ಅಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ."

"ಅವಳ ಅಮ್ಮ ಅಂತ ಊರೆಲ್ಲ ಹಾಕಿದ್ದಾರೆ."

"ಬಾಯಿಮಾತಿಗೆ ತಾನೇ? ಪಾಪ, ಅವಳಿಗೆ ತಾಯಿ ಇಲ್ಲ."

"ನನಗಿದ್ದಾಳೆ ಅಂದ್ಕೊಂಡಿದ್ದೆ."

ಅಮ್ಮ ಜೋರು ಮಾಡದೆ, ರೂಮು ಖಾಲಿ ಇಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲಿ —

"ನೀನು ಬೂದು ಬಣ್ಣ ತಂದೆ. ಕೊಳೆ ಕಾಣಲ್ಲ ಅಂತ. ಕಾಲರ್ ಅಗಲ ಇಟ್ಟೆ, ಜೊಲ್ಲು ಬಿದ್ರೆ ಒರೆಸೋಕೆ ಅಂತ. ಪಿನ್ನು ಕಚ್ಕೊಂಡು ನಿನ್ನಷ್ಟಕ್ಕೆ ನೀನೇ ಹೇಳ್ಕೋತಿದ್ದೆ. ಕೈ ಬಿದ್ದಿದೆ, ಕಿವಿ ಬಿದ್ದಿಲ್ಲ ನಂದು. ಅವಳು ಬಂದ ಮೊದಲನೇ ದಿನ ಏನು ಕೇಳಿದ್ಳು ಗೊತ್ತಾ? ಆಂಟಿ, ನಿಮಗೆ ಯಾವ ಬಣ್ಣ ಇಷ್ಟ."

ಎದ್ದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಬಣ್ಣ ಕೇಳಲಿಲ್ಲ, ಒಪ್ಪಿದೆ. ಅದಕ್ಕೆ ಮಗಳನ್ನೇ ಬದಲಾಯಿಸುತ್ತಾರೆಯೇ?

ಮೇ 19, ಸೋಮವಾರ

ಬರೆಯಲು ಮನಸ್ಸಾಗಿರಲಿಲ್ಲ. ಸ್ಟುಡಿಯೋದಿಂದ ಕತ್ತರಿ, ಡಮ್ಮಿ, ಹೊಲಿಗೆ ಮೆಷಿನ್ ತಂದೆ. ಜಿರಾಫೆ ಇರಲಿಲ್ಲ, ಬೇಕೆಂದೇ ಇರಲಿಲ್ಲ. ಕೀ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಲಾಯರ್ ಒಬ್ಬರನ್ನು ಕೇಳಿದೆ. "ಫೋಟೋದಲ್ಲಿರುವ ನಿಮ್ಮ ತಾಯಿ ನಿಮ್ಮ ಪರ ಹೇಳ್ತಾರಾ?" ಎಂದರು.

ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಆದರೂ ಬೆಳಿಗ್ಗೆ ಅವಳ ಎಡಗೈಗೆ ಬಟ್ಟೆಯ ತೋಳು ಹಾಕುವುದು ನಾನೇ. ಆಗ ಇಬ್ಬರೂ ಗೋಡೆ ನೋಡುತ್ತೇವೆ.

ಮೇ 24, ಶನಿವಾರ

ನಾಲ್ಕು ಗಂಟೆಗೆ ಅಮ್ಮನನ್ನು ಲಾಂಚ್‌ಗೆ ಕರೆದೊಯ್ಯಲು ಕಾರು ಬಂತು. "ನೀನೂ ಬಾ" ಎಂದಳು ಅಮ್ಮ. ಬರಲ್ಲ ಎಂದೆ. ಮೆಟ್ಟಿಲವರೆಗೆ ಕೈ ಹಿಡಿದು ಬಿಟ್ಟುಬಂದೆ, ಅಷ್ಟೇ.

ಮೇ 25, ಭಾನುವಾರ, ಬೆಳಿಗ್ಗೆ

ನಿನ್ನೆ ಆರೂವರೆಗೆ ಫೋನ್. ಅಮ್ಮ. ಪಿಸುಮಾತು.

"ಟಾಯ್ಲೆಟ್‌ನಲ್ಲಿದ್ದೀನಿ. ಕೋಟು ಬಿಚ್ಚೋಕಾಗ್ತಿಲ್ಲ. ಅರ್ಜೆಂಟು. ನೀನು ಬಾ."

"ಅವಳು ಎಲ್ಲಿ?"

"ಸ್ಟೇಜ್ ಮೇಲೆ ಮಾತಾಡ್ತಿದ್ದಾಳೆ. ಬೇರೆಯವರು ಬೇಡ... ನಾಚಿಕೆ ಆಗುತ್ತೆ. ಬೇಗ ಬಾರೇ."

ಆಟೋ ಹಿಡಿದು ಓಡಿದೆ. ತಡವಾಗಿತ್ತು. ಬಾಗಿಲು ತೆರೆದಾಗ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ನೆಲ ಒದ್ದೆ, ಬಟ್ಟೆ ಒದ್ದೆ, ಲಿಪ್‌ಸ್ಟಿಕ್ ಮಾತ್ರ ಹಾಗೆಯೇ ಇತ್ತು. ಬಲಗೈ ಬೆರಳಿನ ಉಗುರು ಮುರಿದು ರಕ್ತ ಬಂದಿತ್ತು, ಹುಕ್ಕು ಕಿತ್ತು ಕಿತ್ತು. ಒಂದೊಂದೇ ಬಿಚ್ಚಿದೆ. ಒರೆಸಿದೆ. ನನ್ನ ದುಪಟ್ಟಾ ಸುತ್ತಿದೆ. ಹೊರಗೆ ಮೈಕಿನಲ್ಲಿ ಜಿರಾಫೆಯ ದನಿ — "ನಮ್ಮಮ್ಮ ಈಗ ಯಾರನ್ನೂ ಅವಲಂಬಿಸಬೇಕಾಗಿಲ್ಲ." ಜನ ಚಪ್ಪಾಳೆ ತಟ್ಟಿದರು.

ಹಿಂದಿನ ಬಾಗಿಲಿನಿಂದ ಕರೆದುಕೊಂಡು ಬಂದೆ. ಆಟೋದಲ್ಲಿ ನನ್ನ ಭುಜಕ್ಕೆ ತಲೆ ಇಟ್ಟಳು. ಎಷ್ಟೋ ದಿನದ ಮೇಲೆ. ನನ್ನ ಕೋಪ ಕರಗುತ್ತಾ ಬಂತು. ಏನೋ ಹೇಳಲು ಬಾಯಿ ತೆರೆದಳು. ಕಾದೆ. ಒಂದೇ ಒಂದು ಮಾತಿಗೆ ಕಾದೆ.

"ಲೇ... ಇದನ್ನ ಅವಳಿಗೆ ಹೇಳ್ಬೇಡ. ಪಾಪ, ಬೇಜಾರು ಮಾಡ್ಕೋತಾಳೆ."

ಹೂಂ ಎಂದೆ.

ಈಗ ಒಳಗಿನಿಂದ ಕರೆಯುತ್ತಿದ್ದಾಳೆ, ಸ್ನಾನ ಆಯಿತಂತೆ, ತೋಳು ಹಾಕಬೇಕಂತೆ. ಬಂದೆ ಎಂದೆ. ಇನ್ನೂ ಎದ್ದಿಲ್ಲ. ಜಿರಾಫೆಗೆ ಬೇಜಾರಾಗುತ್ತದಂತೆ. ಅವಳಿಗೆ. ಮತ್ತೆ ನನಗೆ —