ಮೂರು ಬೀಚುಗಳ ನೀರು

ಅವ್ವಾ, ಸೇಡಂ ಬಿಟ್ಟ ನಾಲ್ಕನೇ ದಿನಕ್ಕೆ ಅಂಡಮಾನ್ ಸೇರಿದೆವು. ನಿನ್ನ ಅಳಿಯ ಮೊಬೈಲಿನಲ್ಲಿ ನೋಡಿ ಮೂರು ಬೀಚು ಆರಿಸಿದ್ದರು, ಚೆಂದ ಕಂಡದ್ದರಲ್ಲಿ ಉಳಿಯೋಣವೆಂದು. ನಮ್ಮ ಅತ್ತೆ ಕಾಗಿಣಾ ಹೊಳೆಯ ದಂಡೆಯವರು, ಹೊಸ ನೀರು ಕಂಡರೆ ಅರಿಶಿನ ಹಾಕಿ ಒಂದು ಬೊಗಸೆ ಕುಡಿಯಲೇಬೇಕು. ಮೊದಲ ಬೀಚಿನಲ್ಲಿ ಕುಡಿದು ಕೆಮ್ಮಿದರು, ತೀರ್ಥವೆಂದು ಉಗುಳಲಿಲ್ಲ. ಎರಡನೆಯದರಲ್ಲೂ ಕುಡಿದರು. ಮೂರನೆಯದರಲ್ಲಿ ಬೊಗಸೆ ಒಡ್ಡಿದಾಗ ನನಗೆ ಸಿಟ್ಟೇ ಬಂತು.

"ಅತ್ತಿ, ಎಲ್ಲಾ ಕಡಿ ಉಪ್ಪೇ ಅದರಿ, ಸಾಕು ಮಾಡ್ರಿ" ಎಂದೆ.

"ಹ್ವಾದ ವರ್ಷ ನಿಮ್ಮ ಮಾವನ ಬೂದಿ ಕಾಗಿಣಾದಾಗ ಬಿಟ್ಟಿವಲ್ಲವಾ. ಆ ನೀರು ಕಡೀಗಿ ಸಮುದ್ರಕ್ಕೇ ಬರ್ತದಂತ. ಎಲ್ಲ್ಯಾರ ಸಿಹಿ ಹತ್ತತದೇನ ನೋಡ್ಲಿಕತ್ತೀನಿ" ಎಂದರು.

ನಾನೇ ನೀರಿಗೆ ಅರಿಶಿನ ಹಾಕಿದೆ. ಇವರು ಮೊಬೈಲ್ ಕಿಸೆಗೆ ಹಾಕಿ ತಾವೂ ಒಂದು ಬೊಗಸೆ ಕುಡಿದು, "ಹೌದವ್ವ, ಇಲ್ಲಿ ಜರಾ ಸಿಹಿ ಅದ" ಎಂದರು. ಮುಖ ಮಾತ್ರ ಹುಣಸೆಹಣ್ಣು ತಿಂದಂತಿತ್ತು. ಅಲ್ಲೇ ರೂಮು ಹಿಡಿದಿದ್ದೇವೆ.

ಅತ್ತೆಯ ಹೊಟ್ಟೆ ಸ್ವಲ್ಪ ಕೆಟ್ಟಿದೆ, ಎಳನೀರು ಕೊಡುತ್ತಿದ್ದೇನೆ, ಚಿಂತೆ ಬೇಡ. ಈ ಅಂಚೆ ಕಾರ್ಡು ತುಂಬಿತು. ಬೆಳಗಿನಿಂದ ಅವರು ದಂಡೆಯಲ್ಲಿ ಕುಳಿತು ನೀರಿಗೆ ಒಂದು ವರ್ಷದ ಮನೆಯ ಸುದ್ದಿ ಹೇಳುತ್ತಿದ್ದಾರೆ. ಈಗ ಎಮ್ಮೆ ಕರು ಹಾಕಿದಲ್ಲಿಗೆ ಬಂದಿದ್ದಾರೆ.

ನಿನ್ನ ಭಾಗ್ಯಜ್ಯೋತಿ