ಡೀಸೆಲ್ ಸವತಿಯ ಕೊನೆಯ ಸವಾರಿಗೆ ನನ್ನನ್ನೂ ಬಿಡಿ

ಹಳೆಯ ವಾಹನಗಳ ನಿವೃತ್ತಿ ಯೋಜನೆಯ ಮಾನ್ಯ ಅಧಿಕಾರಿಗಳೇ,

ಬರುವ ಗುರುವಾರ ನನ್ನ ಗಂಡ ತನ್ನ ಹಳೆಯ ಡೀಸೆಲ್ ಕಾರನ್ನು ನೀವು ಸೂಚಿಸಿದ ಗುಜರಿ ಅಂಗಳಕ್ಕೆ ಒಪ್ಪಿಸಲಿದ್ದಾನೆ. 'ಗೇಟಿನೊಳಗೆ ವಾಹನದ ಮಾಲೀಕರಿಗೆ ಮಾತ್ರ ಪ್ರವೇಶ' ಎಂದು ನಿಮ್ಮ ಕಚೇರಿ ನನಗೆ ತಿಳಿಸಿದೆ. ಅಂದರೆ ಅವರಿಬ್ಬರೂ ಒಳಗೆ, ನಾನು ಹೊರಗೆ! ಮದುವೆಯಾಗಿ ಇನ್ನೂ ವರ್ಷ ತುಂಬದ ಹೆಂಡತಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ನಾನು ಹೊರಗೆ ನಿಲ್ಲುವುದಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ಡಚ್ ಭಾಷೆಯ ನಿಮ್ಮ ಉತ್ತರವನ್ನು ನಾನು ಫೋನಿನ ಸಹಾಯದಿಂದ ಓದಿಕೊಂಡೆ. ನೀವೂ ಇದನ್ನು ಹಾಗೆಯೇ ಓದಿಕೊಳ್ಳಬಹುದು. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ, ನಿಜ. ಆದರೆ ಹೊಟ್ಟೆಕಿಚ್ಚು ಬರುವುದು ಕನ್ನಡದಲ್ಲೇ.

ಇದೆಲ್ಲ ಶುರುವಾದದ್ದು ನಿಮ್ಮ ಕರಪತ್ರದಿಂದ. 'ನಿಮ್ಮ ಹಳೆಯ ಸಂಗಾತಿಗೆ ಗೌರವದಿಂದ ವಿದಾಯ ಹೇಳಿ. ಅವಸರವಿಲ್ಲ, ಬಲವಂತವಿಲ್ಲ, ಎಲ್ಲವೂ ನಿಮ್ಮ ಇಚ್ಛೆ.' ಎಷ್ಟು ಕೋಮಲವಾದ ಮಾತು! ಅದು ಹಳೆಯ ಸಂಗಾತಿಯಾದರೆ ನಾನು ಯಾರು ಸ್ವಾಮಿ? ಹೊಗೆಯುಗುಳುವ ಒಂದು ತಗಡಿನ ಡಬ್ಬಕ್ಕೆ ಇಷ್ಟೊಂದು ಅನುಕಂಪ ತೋರಿಸಿದ ನೀವು, ಅದರ ಮಾಲೀಕನ ಮನೆಯಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಇರಬಹುದೆಂದು ಒಮ್ಮೆಯಾದರೂ ಯೋಚಿಸಿದಿರಾ? 'ನಿಮ್ಮ ಇಚ್ಛೆ' ಎಂಬ ಮಾತನ್ನು ನನ್ನ ಗಂಡ ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಅವನಿಗೆ ಇಚ್ಛೆ ಇರಲಿಲ್ಲ, ಅಷ್ಟೇ.

ನನ್ನ ಗಂಡ! ಈ ಪದವನ್ನು ಈಗಲೂ ಎರಡೆರಡು ಸಲ ಬರೆದು ನೋಡುತ್ತೇನೆ. ಶಶಿಕಾಂತ ವಿಜಯಪುರದವನು, ಇಲ್ಲಿ ಎಂಜಿನಿಯರ್, ಒಳ್ಳೆಯವರಲ್ಲಿ ಒಳ್ಳೆಯವನು. ಜೋಳದ ರೊಟ್ಟಿ ಬಡಿಯುತ್ತಾನೆ, ನನ್ನ ಜಡೆ ಕೂಡ ಹೆಣೆಯುತ್ತಾನೆ. ಆದರೆ ಅವರ ಮನೆತನದಲ್ಲಿ ಒಂದು ಪದ್ಧತಿಯಿದೆ. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟಿದ ಬಾಸಿಂಗಗಳನ್ನು ಮನೆಯ ಕಂಬಕ್ಕೆ ಕಟ್ಟುತ್ತಾರೆ, ವರ್ಷ ತುಂಬುವವರೆಗೆ ಬಿಚ್ಚುವಂತಿಲ್ಲ. ನಮ್ಮ ಬಾಡಿಗೆ ಫ್ಲಾಟಿನಲ್ಲಿ ಕಂಬ ಎಲ್ಲಿಂದ ಬರಬೇಕು? ಗೋಡೆಗೆ ಮೊಳೆ ಹೊಡೆಯಲೂ ಅನುಮತಿಯಿಲ್ಲ. ಸ್ಖಿಪೋಲ್ ವಿಮಾನ ನಿಲ್ದಾಣದಿಂದ ನನ್ನನ್ನು ಕರೆತಂದ ದಿನ ಅವನು ತುಂಬ ಯೋಚಿಸಿ, ಎರಡು ಬಾಸಿಂಗಗಳನ್ನೂ ಕಾರಿನ ಕನ್ನಡಿಗೆ ಕಟ್ಟಿಬಿಟ್ಟ. ಅಂದಿನಿಂದ ನಾನು ಮುಂದಿನ ಸೀಟಿನಲ್ಲಿ ಬರಿ ಹಣೆಯಲ್ಲಿ ಕೂರುತ್ತಿದ್ದೆ. ಮುತ್ತು, ಝರಿ ತೂಗಾಡಿಸುತ್ತ ಮೆರೆಯುತ್ತಿದ್ದ ಮದುಮಗಳು ಆ ಕಾರು.

"ಶಶಿ, ಹಿಂದೆ ನೋಡು, ಎಷ್ಟು ಕಪ್ಪು ಹೊಗೆ!" ಎಂದರೆ, ಅವನು ಡ್ಯಾಶ್‌ಬೋರ್ಡ್ ಸವರುತ್ತ ಪಿಸುಗುಟ್ಟುತ್ತಿದ್ದ: "ಹಂಗ ಅನಬ್ಯಾಡ ಮಾರಾಯ್ತಿ, ಅದಕ್ಕ ಕೇಳಸ್ತೈತಿ."

"ನಾನು ಕೆಮ್ಮಿದ್ದು ನಿನಗೆ ಕೇಳಿಸ್ತಾ?"

"ಕಿಡಕಿ ಏರಸ್ಲೇನು?"

ಹೇಗಿದೆ ಉತ್ತರ? ಅತ್ತ ಆಲ್ಮೆರೆ ಊರಿನಲ್ಲಿ ನನ್ನ ಗೆಳತಿ ಅಕ್ಷಯಾ ಇದ್ದಾಳೆ. ಅವಳ ಗಂಡ ನಿಮ್ಮಂಥದೇ ಯೋಜನೆಗೆ ಮೊದಲ ಮಾತಿಗೇ ಕಾರು ಕೊಟ್ಟುಬಿಟ್ಟ. ಈಗ ಮುಂದೆ ದೊಡ್ಡ ಪೆಟ್ಟಿಗೆಯಿರುವ ಸೈಕಲ್ಲಿನಲ್ಲಿ ಅವಳನ್ನು ರಾಣಿಯ ಹಾಗೆ ಕೂರಿಸಿಕೊಂಡು ಕಾಲುವೆಯ ಪಕ್ಕ ತುಳಿಯುತ್ತಾನೆ. ಆ ಫೋಟೋಗಳನ್ನು ನೋಡಿ ನಾನು ಎಷ್ಟು ಉರಿದಿದ್ದೇನೆಂದರೆ, ಆ ಹೊಗೆಯನ್ನೂ ನೀವು ಅಳೆಯಬೇಕಿತ್ತು. ಸಾಲದ್ದಕ್ಕೆ ಫೋನ್ ಮಾಡಿ ಕೇಳುತ್ತಾಳೆ: "ಏನೇ, ನಿನ್ ಗಂಡ ಇನ್ನೂ ಅವಳ ಜೊತೆನೇ ಓಡಾಡ್ತಿದಾನಾ?"

ತಡೆಯಲಾರದೆ ನಾನೇ ಅರ್ಜಿ ಹಾಕಿದೆ. 'ಮಾಲೀಕರಲ್ಲದ ವ್ಯಕ್ತಿಯ ಅರ್ಜಿಯನ್ನು ಪರಿಗಣಿಸಲಾಗದು' ಎಂದಿರಿ. ಅಗ್ನಿಸಾಕ್ಷಿಯಾಗಿ ಕೈಹಿಡಿದವಳಿಗೆ ನಿಮ್ಮ ಕಚೇರಿ ಕೊಟ್ಟ ಬಿರುದು ಅದು.

ಕೊನೆಗೆ ಅವನ ಮನಸ್ಸು ತಿರುಗಿಸಿದ್ದು ನೀವೂ ಅಲ್ಲ, ನಾನೂ ಅಲ್ಲ. ಒಂದು ಚಳಿಯ ಬೆಳಿಗ್ಗೆ ಅವನು ಕಾರು ಶುರು ಮಾಡಿದಾಗ ಕೆಳಗಿನ ಮನೆಯ ಅಜ್ಜಿ ಬಾಲ್ಕನಿಯಲ್ಲಿ ಒಣಹಾಕಿದ್ದ ದಿಂಬಿನ ಕವರುಗಳನ್ನು ತೆಗೆದು, ಮೂಸಿ ನೋಡಿ, ಮತ್ತೆ ಒಗೆಯುವ ಬುಟ್ಟಿಗೆ ಹಾಕಿದರು. ಬೈಯಲಿಲ್ಲ. ಅವನ ಕಡೆ ನೋಡಿ ನಕ್ಕು ಕೈಬೀಸಿದರು. ಆ ನಗುವನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ. ಅಂದೇ ನಿಮ್ಮ ಯೋಜನೆಯ ಅರ್ಜಿಗೆ ಸಹಿ ಹಾಕಿದ.

ಉಳಿದದ್ದು ಬಾಸಿಂಗ. ವಿಡಿಯೋ ಕರೆಯಲ್ಲಿ ನಮ್ಮತ್ತೆ ಬಸಲಿಂಗವ್ವನವರ ಮುಂದೆ ಗಂಡ ತಲೆ ಕೆರೆದುಕೊಂಡ. "ಅವ್ವಾ, ವರ್ಷ ತುಂಬಿಲ್ಲ. ಬಿಚ್ಚಿದ್ರ ನಡೀತೈತೇನು?"

"ಗಾಡಿಗೆ ಯಾಕ ಕಟ್ಟಿದ್ಯೋ ಮಬ್ಬ? ಮನಿ ಬದಲಾದ್ರ ಬಾಸಿಂಗನೂ ಬರ್ತಾವ. ಕಂಬ ಇಲ್ಲಂದ್ರ ಪರದೆ ಕೋಲಿಗೆ ಕಟ್ಟು. ಆ ಹುಡುಗಿ ಹೊಟ್ಟಿ ಉರಸಬ್ಯಾಡ."

ಅತ್ತೆಯೆಂದರೆ ಹೀಗಿರಬೇಕು! ನಾನು ಗೆದ್ದೆನೆಂದು ಕುಣಿಯುತ್ತ ಕೆಳಗಿಳಿದೆ. ಅವನು ಬಾಸಿಂಗ ಬಿಚ್ಚಿ ನನ್ನ ಕೈಗಿಟ್ಟು, ಸ್ಟಿಯರಿಂಗ್ ಹಿಡಿದು ಕುಳಿತ.

"ನೀ ಮದುವಿಗೆ ಹ್ಞೂಂ ಅಂದಾಗ ನಾ ಇದರಾಗ ಕುಂತಿದ್ದೆ," ಎಂದ. "ರೂಮಿನ್ಯಾಗ ಹುಡುಗ್ರು ಇರ್ತಿದ್ರು. ನಿನ್ನ ಕೂಡ ಮಾತಾಡಾಕ ಇದೊಂದ ಜಾಗ ಇತ್ತು. ನೀ ಫೋನ್ ಇಟ್ಟ ಮ್ಯಾಲ ಖುಷಿಗೆ ಹಾರ್ನ್ ಹೊಡದೆ. ಬೀದಿ ಮಂದಿ ಬೈದ್ರು."

ನಾನು ಬೆಂಗಳೂರಿನ ಬಾಲ್ಕನಿಯಲ್ಲಿ ನಿಂತು ಹ್ಞೂಂ ಎಂದಿದ್ದೆ. ಫೋನಿನಲ್ಲಿ ಅವನ ತಲೆಯ ಹಿಂದೆ ಕಂಡದ್ದನ್ನು ಸೋಫಾ ಎಂದುಕೊಂಡಿದ್ದೆ. ಅದು ಈ ಕಾರಿನ ಸೀಟು. ಅಂದರೆ ನಮ್ಮ ಪ್ರೀತಿಯ ಮಾತೆಲ್ಲ ಅದರ ಕಿವಿಗೆ ಬಿದ್ದಿದೆ. ನಾನು ಫೋನ್ ಇಟ್ಟ ಮೇಲೆ ಅವನ ಮುಖ ಹೇಗಿತ್ತೋ, ಅದನ್ನು ನೋಡಿದ್ದು ಅದು ಮಾತ್ರ. ಆ ಮುಖ ನನಗೆ ಇನ್ನು ಎಂದಿಗೂ ಸಿಗುವುದಿಲ್ಲ. ಇದಕ್ಕೆ ಯಾವ ಪರಿಹಾರ ಧನ ಕೊಡುತ್ತೀರಿ ಸ್ವಾಮಿ?

ಆದ್ದರಿಂದ ಗುರುವಾರ ಆ ಗೇಟಿನೊಳಗೆ ಅವನ ಮುಖ ಹೇಗಾಗುತ್ತದೋ, ಅದನ್ನೂ ಆ ಕಾರೊಂದೇ ನೋಡಲು ನಾನು ಬಿಡುವುದಿಲ್ಲ. 'ಮಾಲೀಕರಿಗೆ ಮಾತ್ರ' ಎಂಬಲ್ಲಿ 'ಮತ್ತು ಅವರ ಹೊಸ ಸಂಗಾತಿಗೆ' ಎಂದು ಸೇರಿಸಿ. ಹೆಲ್ಮೆಟ್ ಕೊಡಿ, ಹಾಕಿಕೊಳ್ಳುತ್ತೇನೆ. ಗೆರೆ ಎಳೆಯಿರಿ, ದಾಟುವುದಿಲ್ಲ. ಒಪ್ಪದಿದ್ದರೆ ಇದು ಸ್ವಇಚ್ಛೆಯ ಯೋಜನೆಯೆಂಬುದು ನೆನಪಿರಲಿ: ನಾವು ಮೂವರೂ ಗೇಟಿನಿಂದಲೇ ಮನೆಗೆ ಹಿಂತಿರುಗುತ್ತೇವೆ. ಅಜ್ಜಿಯ ದಿಂಬಿನ ಕವರುಗಳಿಗೆ ನೀವೇ ಉತ್ತರ ಹೇಳಿಕೊಳ್ಳಿ.

ಕೀಲಿ ಕೊಡುವ ಮೊದಲು ಒಮ್ಮೆ ಹಾರ್ನ್ ಹೊಡೆಯುತ್ತಾನಂತೆ. ಈ ಸಲ ಅದನ್ನು ಒತ್ತುವವಳು ನಾನು.

ಇಂತಿ,
ಪರದೆ ಕೋಲಿನಲ್ಲಿ ಬಾಸಿಂಗ ತೂಗಿಸಿಕೊಂಡು ಉತ್ತರಕ್ಕೆ ಕಾದಿರುವ,
ಇಂಚರಾ ಶಶಿಕಾಂತ
(ತಮ್ಮ ಕಡತದ ಪ್ರಕಾರ: ಮಾಲೀಕರಲ್ಲದ ವ್ಯಕ್ತಿ)